ರೇಷ್ಮೆಹುಳುವಿನ ಮೂರನೇ ಬೆಳೆಯೂ ಹೋಯಿತು. ಹುಳು ಸಾಕುವ ಸ್ಟ್ಯಾಂಡು, ಗೂಡು ಕಟ್ಟಿಸುವ ಚಂದ್ರಿಕೆ ಎಲ್ಲ ಮಾರಿಬಿಡಲೇ?

ಹುಳುಮನೆ_ಹುಡುಗ | ಆಗಸ್ಟ್ 4, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಕನಕಪುರದ ಕಡೆಯವನು, ವಯಸ್ಸು 31. ಕೆಟ್ಟು ಪಟ್ಟಣ ಸೇರು ಎನ್ನುತ್ತಾರೆ, ನನ್ನದು ತಿರುಗುಮುರುಗು. ಏಳು ವರ್ಷ ಬೆಂಗಳೂರಿನಲ್ಲಿ ಗೋದಾಮಿನ ಲೆಕ್ಕ ಬರೆದು, ಅಪ್ಪನ ಮಂಡಿನೋವು ಹೆಚ್ಚಾದ ಮೇಲೆ ಊರಿಗೆ ಬಂದು ಕೆಟ್ಟೆ.

ಒಂದು ಎಕರೆ ವಿ–1 ತಳಿಯ ಹಿಪ್ಪುನೇರಳೆ ತೋಟ ಇದೆ. ಅಪ್ಪನ ಕಾಲದ ಹುಳುಮನೆ. ಚಾಕಿ ಕಟ್ಟಿದ, ಅಂದರೆ ಎಳೆತನದ ಸಾಕಣೆ ಮುಗಿದ ಹುಳು ತಂದು ಪ್ರತಿ ಸಲ 150 ಮೊಟ್ಟೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳೆಲ್ಲ ಸೇರಿ ಒಂದು ಲೆಕ್ಕ) ಸಾಕುತ್ತೇನೆ. ಮೊದಲ ನಾಲ್ಕು ಬೆಳೆ ಚೆನ್ನಾಗಿಯೇ ಬಂತು. ನೂರು ಕೆ.ಜಿ. ಗೂಡು ತಕ್ಕಡಿಗೆ ಹಾಕಿದ ದಿನ ಸಂಬಳದ ಕೆಲಸ ಬಿಟ್ಟದ್ದು ಜಾಣತನ ಎಂದು ಅಂದುಕೊಂಡಿದ್ದೆ. ಐದನೆಯದಕ್ಕೆ ಊಜಿ ನೊಣ ಬಿತ್ತು, ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು ಕೊಲ್ಲುವಂಥದ್ದು. ಕಿಟಕಿಯ ಬಲೆ ಹರಿದಿದ್ದನ್ನು ನೋಡಿಯೂ ನಾಳೆ ಹೊಲಿದರಾಯಿತು ಎಂದು ಬಿಟ್ಟಿದ್ದೆ, ಅದು ನನ್ನ ತಪ್ಪು. ಆರನೆಯದಕ್ಕೆ ಸಿಕ್ಕಿದ್ದು 31 ಕೆ.ಜಿ. ಆ ಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ದಿದ್ದೆ. ಖರೀದಿಗೆ ಬಂದಿದ್ದ ಒಬ್ಬರು ನನ್ನ ಲಾಟಿನಿಂದ ಒಂದು ಗೂಡು ಎತ್ತಿಕೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಮತ್ತೆ ಅದೇ ಜಾಗದಲ್ಲಿ ಇಟ್ಟು ಮುಂದೆ ಹೋದರು. ಒಂದು ಮಾತಿಲ್ಲ. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಏಳನೆಯದು ಕಳೆದ ತಿಂಗಳು. ಹುಳು ನಾಲ್ಕನೇ ಜ್ವರ (ಪೊರೆ ಕಳಚುವ ಹೊತ್ತು) ಎದ್ದು ನಾಲ್ಕು ದಿನವಾಗಿತ್ತು. ರಾತ್ರಿಯ ಸೊಪ್ಪು ಹಾಕಿ ಬಾಗಿಲು ಎಳೆದುಕೊಳ್ಳುವಾಗ ಏನೋ ಕಡಿಮೆ ಎನ್ನಿಸಿತು. ನಿಂತು ಕೇಳಿಸಿಕೊಂಡೆ. ಸೊಪ್ಪು ಮೇಯುವ ಸದ್ದು ತೆಳುವಾಗಿತ್ತು. ಟಾರ್ಚು ಬಿಟ್ಟರೆ ಸ್ಟ್ಯಾಂಡಿನ ಅಂಚಿನುದ್ದಕ್ಕೂ ಹುಳುಗಳು ನಡೆಯುತ್ತಿವೆ. ಆರೋಗ್ಯವಾಗಿರುವ ಹುಳು ಸೊಪ್ಪು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಮೈ ಮಿರಮಿರ ಹೊಳೆಯುತ್ತಿತ್ತು, ಗಿಣ್ಣುಗಳ ನಡುವೆ ಊದಿಕೊಂಡಿತ್ತು. ಒಂದನ್ನು ಎತ್ತಿಕೊಂಡೆ. ಬೆರಳ ಸಂದಿಯಲ್ಲೇ ಚರ್ಮ ಒಡೆದು ಹಾಲು ಸುರಿಯಿತು.

ಹಾಲುತೊಂಡೆ ರೋಗ. ಮೂರು ದಿನದಲ್ಲಿ ಎಲ್ಲ ಮುಗಿಯಿತು.

ಹಳೆಯ ಕಚೇರಿಯವರು ಈಗಲೂ ಕರೆಯುತ್ತಾರೆ. ಅಪ್ಪ ಏನೂ ಹೇಳುವುದಿಲ್ಲ, ಊಟಕ್ಕೆ ಕೂತಾಗ ನನ್ನ ಮುಖ ನೋಡುವುದಿಲ್ಲ, ಅಷ್ಟೇ. ಈ ಕಸುಬಿನಲ್ಲಿ ಇರುವವರು ಹೇಳಿ: ಮೂರು ಬೆಳೆ ಸತತ ಹೋದ ಮೇಲೂ ನಿಂತವರು ಇದ್ದೀರಾ? ಇಲ್ಲ, ಸಾಮಾನು ಮಾರಿ ಹೊರಡುವುದೇ ಲೇಸೋ?

ಕತಾರ್_ಕನಕಪುರ | ಆಗಸ್ಟ್ 5

ತಮ್ಮಾ, ಛಲ ಬಿಡಬೇಡ. ಸೋಲೇ ಗೆಲುವಿನ ಮೊದಲ ಮೆಟ್ಟಿಲು. ಬಿದ್ದವನು ಏಳಲೇಬೇಕು. ನಿನ್ನ ಮೇಲೆ ನಿನಗೆ ನಂಬಿಕೆ ಇದ್ದರೆ ಎಂಟನೇ ಬೆಳೆ ಬಂಗಾರ. ಶುಭವಾಗಲಿ!

ನಿವೃತ್ತ_ಪ್ರದರ್ಶಕ | ಆಗಸ್ಟ್ 5

ಕತಾರಿನ ಸ್ನೇಹಿತರೇ, ನಿಮ್ಮ ಒಳ್ಳೆಯ ಮನಸ್ಸಿಗೆ ಕೈ ಮುಗಿಯುತ್ತೇನೆ. ಆದರೆ ಹಾಲುತೊಂಡೆಗೆ ಬೇಕಾಗಿರುವುದು ಛಲವಲ್ಲ, ಸುಣ್ಣ.

ರೈತರಿಗೆ ಸಾಕಣೆ ತೋರಿಸಿಕೊಡುವ ಪ್ರದರ್ಶಕನಾಗಿ ನಾನು ರೇಷ್ಮೆ ಇಲಾಖೆಗೆ ಸೇರಿದ್ದು 1983ರಲ್ಲಿ. ಊಜಿ ನೊಣ ಪಶ್ಚಿಮ ಬಂಗಾಳದಿಂದ ನಮ್ಮ ರಾಜ್ಯಕ್ಕೆ ಬಂದು ಆಗ ಮೂರೇ ವರ್ಷ. ಊರೂರಿನಲ್ಲೂ ಬೆಳೆ ಹೋದವರ ಜಗಲಿಯ ಮೇಲೆ ಕೂತು ಬಂದಿದ್ದೇನೆ. ಬೆಳೆ ಹೋದವರಲ್ಲಿ ಎರಡು ಜಾತಿ. ಒಬ್ಬರು ಹಣೆಬರಹ ಎನ್ನುತ್ತಾರೆ, ಇನ್ನೊಬ್ಬರು ನನ್ನಿಂದಾಗದು ಎನ್ನುತ್ತಾರೆ. ಇಬ್ಬರೂ ಹುಳುಮನೆಯ ಮೂಲೆಯನ್ನು ನೋಡಿರುವುದಿಲ್ಲ.

ಹುಡುಗಾ, ನೀನು ಮಾರುವುದು ಬಿಡುವುದು ಆಮೇಲೆ ಮಾತನಾಡೋಣ. ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಕೊಡು. ಆರನೇ ಬೆಳೆ ಮುಗಿದ ಮೇಲೆ ಮನೆಯನ್ನು ಏನು ಹಾಕಿ ತೊಳೆದೆ? ಎರಡು ಬೆಳೆಗಳ ನಡುವೆ ಎಷ್ಟು ದಿನ ಖಾಲಿ ಬಿಟ್ಟೆ? ಸತ್ತ ಹುಳುಗಳನ್ನು ಎಲ್ಲಿ ಹಾಕಿದೆ? ಕೊನೆಯದು, ಬೆಳೆ ಹೋದದ್ದನ್ನು ಅಕ್ಕಪಕ್ಕದ ಸಾಕಾಣಿಕೆಯವರಲ್ಲಿ ಯಾರಿಗೆ ಹೇಳಿದೆ?

ಮಳವಳ್ಳಿ_ಗದ್ದೆ | ಆಗಸ್ಟ್ 5

ಸತತವಾಗಿ ಸೋತವರು ಇದ್ದೀರಾ ಎಂದು ಕೇಳಿದ್ದೀರಿ. ಇದ್ದೇನೆ. ಆದರೆ ನನ್ನದು ರೋಗದ ಕಥೆಯಲ್ಲ, ದರದ ಕಥೆ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ಚೀನಾದ ನೂಲು ಅಗ್ಗವಾಗಿ ಬಂದು ಬಿತ್ತು, ನಮ್ಮ ಗೂಡಿನ ದರ ಅರ್ಧಕ್ಕಿಂತಲೂ ಕೆಳಗೆ ಇಳಿಯಿತು. ನನ್ನ ಹುಳು ಒಂದೂ ಸತ್ತಿರಲಿಲ್ಲ. ಬೆಳ್ಳಗೆ, ಗಟ್ಟಿಯಾಗಿ, ಒಂದೇ ಅಳತೆಯ ಗೂಡು. ಸೊಪ್ಪಿನ ಆಳುಕೂಲಿಯೂ ಹುಟ್ಟಲಿಲ್ಲ.

ಸಿಟ್ಟಿನಲ್ಲಿ ಜೆಸಿಬಿ ತರಿಸಿ ಒಂದು ಎಕರೆ ಹಿಪ್ಪುನೇರಳೆಯನ್ನು ಬುಡಸಮೇತ ಕೀಳಿಸಿದೆ. ಕಬ್ಬು ಹಾಕಿದೆ, ಅದರಲ್ಲೂ ಸುಖ ಕಾಣಲಿಲ್ಲ. ಎರಡು ವರ್ಷದ ಮೇಲೆ ಮತ್ತೆ ಹಿಪ್ಪುನೇರಳೆಗೇ ಮರಳೋಣ ಎಂದರೆ ನಾಟಿಗೆ ಕಡ್ಡಿ ಕೊಳ್ಳಲು ದುಡ್ಡಿಲ್ಲ. ಅದೇ ಊರಿನ ಒಬ್ಬರು ಆ ಬರಗಾಲದಲ್ಲೂ ತೋಟ ಕೀಳದೆ ಉಳಿಸಿಕೊಂಡಿದ್ದರು. ನಾನು ಕೀಳಿಸುವಾಗ ಬದುವಿನ ಮೇಲೆ ನಿಂತು ನೋಡಿದ್ದರು, ಆಗ ಒಂದು ಮಾತೂ ಆಡಿರಲಿಲ್ಲ. ತಮ್ಮ ತೋಟ ಕಟಾವು ಮಾಡಿದ ದಿನ ಅವರು ಎತ್ತಿನ ಗಾಡಿಯ ತುಂಬ ಕಡ್ಡಿ ತಂದು ನನ್ನ ಜಮೀನಿನ ತಲೆಗೆ ಸುರಿದು, 'ತಿಪ್ಪೆಗೆ ಹಾಕುವುದು ಇಲ್ಲಿಗೆ ಹಾಕಿದೆ' ಎಂದು ಹೋದರು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಇವತ್ತು ನನ್ನ ತೋಟದಲ್ಲಿ ಇರುವುದೆಲ್ಲ ಆ ಕಡ್ಡಿಯ ಮಕ್ಕಳು, ಮೊಮ್ಮಕ್ಕಳು.

ಪ್ರದರ್ಶಕರ ಮಾತು ಕೇಳಿ. ನನ್ನ ಸೋಲಿಗೆ ನಾನು ಏನೂ ಮಾಡುವ ಹಾಗಿರಲಿಲ್ಲ, ನಿಮ್ಮದಕ್ಕೆ ಮಾಡುವಂಥದ್ದು ಇದೆ. ನಿಮ್ಮ ಅದೃಷ್ಟವೇ ದೊಡ್ಡದು ಎನ್ನಬೇಕು.

ಶಿಡ್ಲಘಟ್ಟದ_ನೂಲು | ಆಗಸ್ಟ್ 6

ಗೂಡು ಅಲ್ಲಾಡಿಸಿ ಇಟ್ಟು ಹೋದವನು ನಾನಲ್ಲ, ಆದರೆ ನನ್ನಂಥವನೇ. ನಮ್ಮದು ನೂಲು ಬಿಚ್ಚುವ ಕಸುಬು, ತಂದೆಯ ಕಾಲದಿಂದ. ಆ ಮೌನದ ಅರ್ಥ ಹೇಳುತ್ತೇನೆ.

ಒಳಗಿನ ಹುಳು ಗಟ್ಟಿಯಾಗಿದ್ದರೆ ಅಲ್ಲಾಡಿಸಿದಾಗ ಟಕ ಟಕ ಎನ್ನುತ್ತದೆ. ಸತ್ತು ಕರಗಿ ಗೋಡೆಗೆ ಅಂಟಿದ್ದರೆ ಸದ್ದೇ ಇರುವುದಿಲ್ಲ. ಅಂಥ ಗೂಡನ್ನು ಬೇಯಿಸಿದರೆ ನೀರು ಕಪ್ಪಾಗಿ ಜೊತೆಯ ಒಳ್ಳೆಯ ಗೂಡಿನ ನೂಲಿಗೂ ಬಣ್ಣ ಹಿಡಿಯುತ್ತದೆ. ಮಿಶ್ರತಳಿ ಗೂಡಾದರೆ ಒಂದು ಕೆ.ಜಿ. ನೂಲಿಗೆ ಏಳೆಂಟು ಕೆ.ಜಿ. ಬೇಕು. ಕರಗಿದ್ದು ಸೇರಿದರೆ ಆ ಲೆಕ್ಕ ಎಲ್ಲಿಗೋ ಹೋಗುತ್ತದೆ. ಬಿಸಿನೀರಿನ ಬೇಸಿನ್ನಿನಲ್ಲಿ ಕೈ ಇಟ್ಟುಕೊಂಡು ಎಳೆ ಹುಡುಕುವ ಹೆಂಗಸರಿಗೆ ದಿನದ ಕೊನೆಯಲ್ಲಿ ಬೆರಳ ತುದಿ ಬಿಳಿಚಿ ಸುಕ್ಕಾಗಿರುತ್ತದೆ. ಎಳೆ ಪದೇ ಪದೇ ಕಡಿಯುವ ಲಾಟು ಬಂದರೆ ಶಾಪ ಹಾಕುವುದು ನಮಗೆ.

ಇದನ್ನೆಲ್ಲ ಮಾರುಕಟ್ಟೆಯಲ್ಲಿ ಬಾಯಿಬಿಟ್ಟು ಹೇಳಿದರೆ ರೈತ ಏನೆನ್ನುತ್ತಾನೆ? ದರ ಬೀಳಿಸಲು ನಾಟಕ ಆಡುತ್ತಾನೆ ಎನ್ನುತ್ತಾನೆ. ನನಗೂ ಒಮ್ಮೆ ಹಾಗೆ ಆಗಿದೆ, ಕೊರಳಪಟ್ಟಿಗೆ ಕೈ ಬಂದಿತ್ತು. ಅಂದಿನಿಂದ ನಾನೂ ಸುಮ್ಮನೆ ಇಟ್ಟು ಹೋಗುತ್ತೇನೆ.

ನೀವು ಬರೆದದ್ದು ಓದಿದ ಮೇಲೆ ನಿನ್ನೆ ಮಾತ್ರ ಒಂದು ಕೆಲಸ ಮಾಡಿದೆ. ವಯಸ್ಸಾದ ರೈತರೊಬ್ಬರ ಲಾಟಿನಲ್ಲಿ ಸದ್ದಿಲ್ಲದ ಗೂಡು ಬಹಳ ಇತ್ತು. ಹರಾಜು ಮುಗಿದು, ತೂಕವೂ ಆದ ಮೇಲೆ ಅವರನ್ನು ಪಕ್ಕಕ್ಕೆ ಕರೆದು, ಬ್ಲೇಡಿನಲ್ಲಿ ಎರಡು ಗೂಡು ಕತ್ತರಿಸಿ ತೋರಿಸಿದೆ. ಒಂದರಲ್ಲಿ ಕಂದುಬಣ್ಣದ ಹುಳು ಜೀವಂತ ಹೊರಳಿತು. ಇನ್ನೊಂದರಲ್ಲಿ ಕಪ್ಪು ರಸ. ಅವರು ಬಹಳ ಹೊತ್ತು ನೋಡಿದರು. 'ಮೂವತ್ತು ವರ್ಷದಿಂದ ಮಾರುತ್ತಿದ್ದೇನೆ, ಇದನ್ನು ಯಾರೂ ಕುಯ್ದು ತೋರಿಸಿರಲಿಲ್ಲ' ಎಂದರು. ಎಲೆ ಅಡಿಕೆ ಕೊಟ್ಟರು. ನಾನು ಹಾಕುವುದಿಲ್ಲ, ಆದರೂ ತೆಗೆದುಕೊಂಡೆ.

ನಿವೃತ್ತ_ಪ್ರದರ್ಶಕ | ಆಗಸ್ಟ್ 6

ನೂಲಿನವರೇ, ಗೂಡು ಅಲ್ಲಾಡಿಸಿದ ಮಾತು ಬಂದದ್ದಕ್ಕೆ ಒಂದು ಹಳೆಯ ಸಂಗತಿ ನೆನಪಾಯಿತು. ತರಬೇತಿಗೆ ಬಂದ ಹುಡುಗರಿಗೆಲ್ಲ ಹೇಳುತ್ತಿದ್ದೆ.

1865ರಲ್ಲಿ ಫ್ರಾನ್ಸಿನ ದಕ್ಷಿಣ ಭಾಗದಲ್ಲಿ ಹುಳುಗಳಿಗೆ ಗಂಟುರೋಗ ಹಬ್ಬಿ ರೇಷ್ಮೆ ಕಸುಬು ನೆಲಕಚ್ಚಿತ್ತು. ಸರ್ಕಾರ ಕಳುಹಿಸಿದ್ದು ಲೂಯಿ ಪಾಶ್ಚರ್ ಅವರನ್ನು. ರಸಾಯನಶಾಸ್ತ್ರದವರು, ರೇಷ್ಮೆಹುಳುವನ್ನು ಮುಟ್ಟಿದವರೇ ಅಲ್ಲ. ಫಾಬ್ರ್ ಎಂಬ ಕೀಟಶಾಸ್ತ್ರಜ್ಞರ ಮನೆಗೆ ಹೋಗಿ ಗೂಡು ತೋರಿಸಿ ಎಂದು ಕೇಳಿದರಂತೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಏನೋ ಇದೆಯಲ್ಲ ಎಂದು ಬೆರಗಾದರಂತೆ. ಇದನ್ನು ಫಾಬ್ರ್ ಅವರೇ ಬರೆದಿಟ್ಟಿದ್ದಾರೆ. ಗೂಡಿನಲ್ಲಿ ಕೋಶ ಇರುತ್ತದೆ ಎಂಬುದು ನಮ್ಮ ಊರಿನ ಮೂರು ವರ್ಷದ ಮಗುವಿಗೂ ಗೊತ್ತು!

ಹಾಗೆ ಶುರು ಮಾಡಿದ ಮನುಷ್ಯ ಮೊದಲ ಎರಡು ವರ್ಷ ತಪ್ಪು ದಾರಿಯಲ್ಲೇ ನಡೆದರು. ಸೂಕ್ಷ್ಮದರ್ಶಕದಲ್ಲಿ ಕಾಣುವ ಕಣಗಳು ರೋಗಕ್ಕೆ ಕಾರಣವಲ್ಲ, ರೋಗದಿಂದ ಹುಟ್ಟುವಂಥವು ಎಂದು ನಂಬಿದ್ದರು. ಜೊತೆಗಾರರ ಪ್ರಯೋಗ ಬೇರೆಯದನ್ನೇ ಹೇಳಿದಾಗ ತಮ್ಮ ಮಾತನ್ನು ಹಿಂದೆಗೆದುಕೊಂಡರು. ಅದೇ ವರ್ಷಗಳಲ್ಲಿ ತಂದೆ ತೀರಿಕೊಂಡರು, ಇಬ್ಬರು ಹೆಣ್ಣುಮಕ್ಕಳು ಹೋದರು. 1868ರಲ್ಲಿ ಅವರಿಗೇ ಪಾರ್ಶ್ವವಾಯು ಹೊಡೆದು ಎಡಭಾಗ ಸ್ವಾಧೀನ ತಪ್ಪಿತು. ಕೆಲಸ ನಿಲ್ಲಿಸಲಿಲ್ಲ. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಣ ಇದ್ದರೆ ಅದರ ಮೊಟ್ಟೆಯನ್ನು ಸುಡುವ ಪದ್ಧತಿ ಅವರದು. ಹುಡುಗಾ, ನೀನು 150 ಮೊಟ್ಟೆ ಎನ್ನುತ್ತೀಯಲ್ಲ, ಚೀಟಿಯ ಮೇಲೆ ರೋಗರಹಿತ ಮೊಟ್ಟೆ ಎಂದು ಅಚ್ಚಾಗಿರುತ್ತದಲ್ಲ, ಅದರ ಮೂಲ ಅಲ್ಲಿದೆ.

ಅವರು ಗಟ್ಟಿಮನಸ್ಸಿನವರು ನಿಜ. ಆದರೆ ನಾನು ಹುಡುಗರಿಗೆ ಹೇಳುತ್ತಿದ್ದದ್ದು ಅದನ್ನಲ್ಲ. ನನ್ನ ಎಣಿಕೆ ತಪ್ಪಾಗಿತ್ತು ಎಂದು ಅಷ್ಟು ದೊಡ್ಡ ಮನುಷ್ಯ ಒಪ್ಪಿಕೊಂಡರಲ್ಲ, ಆ ದಿನವನ್ನು.

ನನ್ನ ನಾಲ್ಕು ಪ್ರಶ್ನೆ ಹಾಗೇ ಇವೆ.

ಹುಳುಮನೆ_ಹುಡುಗ | ಆಗಸ್ಟ್ 7, ಬೆಳಗಿನ ಜಾವ 4:15

ಸರ್, ಉತ್ತರ ಕೊಡಬಾರದೆಂದಲ್ಲ. ಬರೆದು ಬರೆದು ಅಳಿಸಿದೆ.

ಆರನೇ ಬೆಳೆಯ ನಂತರ ಬರೀ ನೀರಿನಲ್ಲಿ ತೊಳೆದೆ. ಬ್ಲೀಚಿಂಗ್ ಪುಡಿಯ ಚೀಲ ತೆರೆದು ಬಹಳ ದಿನವಾಗಿತ್ತು, ವಾಸನೆಯೂ ಇರಲಿಲ್ಲ, ಅದನ್ನೇ ನಾಲ್ಕು ಹಿಡಿ ಎರಚಿದೆ. ಖಾಲಿ ಬಿಟ್ಟದ್ದು ನಾಲ್ಕು ದಿನ. ನಷ್ಟ ಬೇಗ ತುಂಬಿಕೊಳ್ಳೋಣ ಎಂಬ ಆತುರ.

ಸತ್ತ ಹುಳುಗಳನ್ನು ರಾತ್ರಿ, ಟಾರ್ಚು ಹಾಕದೆ, ಹಿತ್ತಿಲ ತಿಪ್ಪೆಗೆ ಹಾಕಿದೆ. ಮೇಲೆ ಸೊಪ್ಪಿನ ಕಡ್ಡಿ ಎಳೆದು ಮುಚ್ಚಿದೆ. ಆ ತಿಪ್ಪೆಯ ಆಚೆಗೆ ಕೆಳಮನೆ ಚಿಕ್ಕಮ್ಮನ ಹಿಪ್ಪುನೇರಳೆ ತೋಟ. ರಕ್ತಸಂಬಂಧವಲ್ಲ, ಚಿಕ್ಕಂದಿನಿಂದ ಹಾಗೆ ಕರೆದು ರೂಢಿ. ಗಂಡ ಇಲ್ಲ, ಮಗಳು ಮದುವೆಯಾಗಿ ಹೋಗಿದ್ದಾಳೆ. ಅರ್ಧ ಎಕರೆಯಲ್ಲಿ ಒಬ್ಬರೇ 75 ಮೊಟ್ಟೆ ಸಾಕುತ್ತಾರೆ. ಮಾರನೆಯ ಬೆಳಿಗ್ಗೆ ನೀರು ತರುವಾಗ, 'ಹೇಗಪ್ಪಾ ಹುಳು?' ಎಂದು ಕೇಳಿದರು. 'ಪರವಾಗಿಲ್ಲ ಚಿಕ್ಕಮ್ಮ, ಹಣ್ಣಾಗಿ ಗೂಡು ಕಟ್ಟುವ ಹಂತಕ್ಕೆ ಬಂದಿವೆ' ಎಂದೆ.

ಹದಿನೆಂಟು ದಿನದ ಮೇಲೆ ಅವರ ಬೆಳೆಯೂ ಹೋಯಿತು. ಹಾಲುತೊಂಡೆಯೇ.

ಯಾರಿಗೂ ಹೇಳಿಲ್ಲ ಎಂಬುದು ನಾಲ್ಕನೆಯ ಪ್ರಶ್ನೆಗೆ ಉತ್ತರ.

ಸೊಪ್ಪಿನಕ್ಕ | ಆಗಸ್ಟ್ 7

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ನಾನೂ ಹುಳು ಸಾಕುವವಳೇ, ಮದುವೆಯಾಗಿ ಬಂದ ವಾರದಿಂದ. ಪಹಣಿ ಗಂಡನ ಹೆಸರಿನಲ್ಲಿ, ಪಾಸ್‌ಬುಕ್ ಮಾವನ ಹೆಸರಿನಲ್ಲಿ, ರಾತ್ರಿಯ ಸೊಪ್ಪು ಮಾತ್ರ ನನ್ನ ಹೆಸರಿನಲ್ಲಿ.

ತಮ್ಮಾ, ನೀನು ಕತ್ತಲಲ್ಲಿ ಹಾಕಿದೆ ಎಂದೆಯಲ್ಲ, ಕೊಳೆತ ಹುಳುವಿನ ವಾಸನೆಗೆ ಕತ್ತಲು ಬೆಳಕು ಇಲ್ಲ. ನೀರು ಹಿಡಿಯುವ ಹೆಂಗಸು ಯಾರ ಮನೆಯ ಹುಳು ಏನಾಯಿತು ಎಂದು ಮೂಗಿನಲ್ಲೇ ತಿಳಿಯುತ್ತಾಳೆ. ನಿನ್ನ ಚಿಕ್ಕಮ್ಮನಿಗೆ ಗೊತ್ತಿದೆ. ನೀನು ಹೇಳುವೆಯೋ ಇಲ್ಲವೋ ಎಂದು ನೋಡುತ್ತಿರುತ್ತಾರೆ ಅಷ್ಟೆ. ಬರೆಯುತ್ತಾ ಕೂರಬೇಡ, ಎದ್ದು ಹೋಗು. ಬರಿಗೈಯಲ್ಲಿ ಹೋಗಬೇಡ.

ಮಳವಳ್ಳಿ_ಗದ್ದೆ | ಆಗಸ್ಟ್ 7

ಅಕ್ಕ ಹೇಳಿದ್ದು ಸರಿಯೇ, ಆದರೂ ಒಂದು ಎಚ್ಚರಿಕೆ. ಹೋಗಿ ಹೇಳಿದರೆ ಆಕೆ ನಷ್ಟ ಕಟ್ಟಿಕೊಡು ಎನ್ನಬಹುದು. ಊರಿನಲ್ಲಿ ಪಂಚಾಯಿತಿ ಸೇರಬಹುದು. ಒಳ್ಳೆಯ ಮಾತಿಗೆಲ್ಲ ಒಳ್ಳೆಯ ಮಾತೇ ಸಿಗುತ್ತದೆ ಎಂದು ಹುಡುಗನನ್ನು ಕಳುಹಿಸಬೇಡಿ.

ಸೊಪ್ಪಿನಕ್ಕ | ಆಗಸ್ಟ್ 7

ಕೇಳಿದರೆ ಕಟ್ಟಿಕೊಡಲಿ. ಕೇಳುವ ಹಕ್ಕು ಆಕೆಗಿದೆ.

ಕತಾರ್_ಕನಕಪುರ | ಆಗಸ್ಟ್ 8

ಮೊನ್ನೆ ಮೆಟ್ಟಿಲು ಗಿಟ್ಟಿಲು ಎಂದು ಬರೆದವನು ನಾನೇ. ಓದಿದವರಿಗೆ ನಗು ಬಂದಿರಬೇಕು.

ನಮ್ಮ ಅಮ್ಮನೂ ಹುಳು ಸಾಕುತ್ತಿದ್ದರು. ನಾನು ಹೊರದೇಶಕ್ಕೆ ಬಂದು ಹದಿನಾಲ್ಕು ವರ್ಷ. ಪ್ರತಿ ಶುಕ್ರವಾರ ಫೋನ್. ಬೆಳೆ ಹೇಗಿದೆ ಅಮ್ಮ ಎಂದರೆ ಒಂದೇ ಉತ್ತರ, 'ಪರವಾಗಿಲ್ಲ ಮಗಾ'. ಅಮ್ಮ ಹೋದ ಮೇಲೆ ತಿಥಿಗೆ ಬಂದಾಗ ಹುಳುಮನೆಯ ಗೋಡೆ ನೋಡಿದೆ. ಇದ್ದಿಲಿನಲ್ಲಿ ತಾರೀಖು, ಮೊಟ್ಟೆ, ಕೆ.ಜಿ. ಬರೆದಿದ್ದರು. ಕೆಲವು ತಾರೀಖಿನ ಮುಂದೆ ಕೆ.ಜಿ. ಜಾಗದಲ್ಲಿ ಅಡ್ಡಗೆರೆ. ಎಣಿಸಿದೆ, ಹನ್ನೊಂದು ಇದ್ದವು. ಹನ್ನೊಂದು ಶುಕ್ರವಾರವಾದರೂ ನನಗೆ ಸುಳ್ಳು ಹೇಳಿದ್ದಾರೆ. ನಾನೂ ಇಲ್ಲಿ ಕೆಲಸ ಹೋಗಿ ಐದು ತಿಂಗಳು ಇನ್ನೊಬ್ಬರ ಕೋಣೆಯಲ್ಲಿ ಮಲಗಿದ್ದಾಗ ಅದೇ ಮಾತನ್ನು ಅಮ್ಮನಿಗೆ ಹೇಳಿದ್ದೆ ಬಿಡಿ.

ತಮ್ಮಾ, ಹೋಗಿ ಹೇಳು. ನನಗೆ ಬೇರೆ ಏನೂ ಬರುವುದಿಲ್ಲ.

ಹುಳುಮನೆ_ಹುಡುಗ | ಆಗಸ್ಟ್ 9, ರಾತ್ರಿ

ಹೋಗಿ ಬಂದೆ.

ಒಂದು ಮೂಟೆ ಸುಣ್ಣ ಹೆಗಲ ಮೇಲೆ ಹೊತ್ತುಕೊಂಡು ಹೋದೆ. ಅಕ್ಕ ಬರಿಗೈಯಲ್ಲಿ ಹೋಗಬೇಡ ಎಂದಿದ್ದರು, ಹೂವು ಹಣ್ಣು ಒಯ್ಯುವ ಸಂದರ್ಭವಲ್ಲ. ಚಿಕ್ಕಮ್ಮ ಜಗಲಿಯ ಮೇಲೆ ಮೊರದಲ್ಲಿ ರಾಗಿ ಕೇರುತ್ತಿದ್ದರು. ಕೂರು ಎನ್ನಲಿಲ್ಲ. ನಿಂತೇ ಹೇಳಿದೆ: ನನ್ನ ಬೆಳೆ ಹೋಗಿತ್ತು, ಸುಳ್ಳು ಹೇಳಿದೆ, ಹುಳುಗಳನ್ನು ತಿಪ್ಪೆಗೆ ಹಾಕಿದೆ, ನಿಮ್ಮ ತೋಟಕ್ಕೆ ನನ್ನಿಂದಲೇ ಹಬ್ಬಿರಬೇಕು. ಮೊರ ನಿಲ್ಲಲಿಲ್ಲ. ಒಂದು ಕೇರು ಮುಗಿಸಿ, ಕಲ್ಲು ಆರಿಸಿ ಬಿಸಾಡಿ, 'ಗೊತ್ತಿತ್ತು' ಎಂದರು.

ಆಮೇಲೆ ಅವರು ಹೇಳಿದ್ದು ಕೇಳಿ ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ನನ್ನ ಆರನೇ ಬೆಳೆಗಿಂತಲೂ ಮೊದಲೇ ಅವರ ಹುಳುಮನೆಯಲ್ಲಿ ಹಾಲುತೊಂಡೆ ಕಾಣಿಸಿಕೊಂಡಿತ್ತಂತೆ. ಒಂದು ಸ್ಟ್ಯಾಂಡಿನಷ್ಟು. ಆರಿಸಿ ಆರಿಸಿ ಅದೇ ತೋಟದ ಬದುವಿಗೆ ಎಸೆದು, ಉಳಿದದ್ದರಲ್ಲಿ ಹೇಗೋ ಗೂಡು ಎತ್ತಿದ್ದರು. 'ನಿಮ್ಮಪ್ಪನಿಗೆ ಹೇಳೋಣ ಎಂದುಕೊಂಡೆ. ಒಂಟಿ ಹೆಂಗಸು, ಹುಳು ಸಾಕಲು ಬರುವುದಿಲ್ಲ ಎಂದಾರು ಎಂದು ಬಾಯಿ ಕಟ್ಟಿಕೊಂಡೆ.'

ಅಂದರೆ ಯಾರಿಂದ ಯಾರಿಗೆ ಬಂತೋ ಇಬ್ಬರಿಗೂ ಗೊತ್ತಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಮಾತನಾಡಲಿಲ್ಲ. ಆಮೇಲೆ ಅವರೇ, 'ಆ ಸುಣ್ಣ ಇಳಿಸೋ, ಹೆಗಲು ಸುಟ್ಟೀತು' ಎಂದರು. ಬೆವರಿಗೆ ನೆನೆದು ನಿಜವಾಗಿಯೂ ಉರಿಯುತ್ತಿತ್ತು.

ಸರ್, ಈಗ ಹೇಳಿ. ಏನು ಮಾಡಬೇಕು?

ನಿವೃತ್ತ_ಪ್ರದರ್ಶಕ | ಆಗಸ್ಟ್ 10

ಮೊದಲು ಹೆಗಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊ.

ಈಗ ಕೆಲಸ. ಈ ರೋಗದ ವೈರಸ್ಸು ಹರಳಿನಂಥ ಕವಚದೊಳಗೆ ಕೂತಿರುತ್ತದೆ. ಮಣ್ಣಿನಲ್ಲಿ, ಬಿರುಕಿನಲ್ಲಿ, ಚಂದ್ರಿಕೆಯ ಹೆಣಿಗೆಯಲ್ಲಿ ಬಹಳ ಕಾಲ ಸಾಯದೆ ಇರುತ್ತದೆ. ಬರೀ ನೀರಿಗೆ ಅದು ಜಗ್ಗುವುದಿಲ್ಲ. ಸುಣ್ಣದ ಕ್ಷಾರಕ್ಕೆ ಆ ಕವಚ ಕರಗುತ್ತದೆ. ನೂರು ಲೀಟರ್ ನೀರಿಗೆ ಎರಡು ಕೆ.ಜಿ. ಬ್ಲೀಚಿಂಗ್ ಪುಡಿ, 300 ಗ್ರಾಂ ಅರಳಿದ ಸುಣ್ಣ. ಪುಡಿ ಹೊಸದಿರಬೇಕು, ಚೀಲ ಬಿಚ್ಚಿದಾಗ ಮೂಗಿಗೆ ಹೊಡೆಯಬೇಕು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಗೋಡೆ, ಸೂರು, ನೆಲ, ಸ್ಟ್ಯಾಂಡಿನ ಅಡಿ ಎಲ್ಲ ತೊಟ್ಟಿಕ್ಕುವ ಹಾಗೆ ಸಿಂಪಡಿಸು. ಬೆಳೆ ಮುಗಿದ ತಕ್ಷಣ ಒಮ್ಮೆ, ಹುಳು ಬರುವ ಮೂರು ದಿನ ಮೊದಲು ಇನ್ನೊಮ್ಮೆ. ತಿಪ್ಪೆಯ ಆ ಭಾಗವನ್ನು ಅಗೆದು, ಗುಂಡಿ ತೋಡಿ, ಸುಣ್ಣ ಹಾಕಿ ಹೂಳು. ಸಾಕುವಾಗ ಪ್ರತಿ ಜ್ವರ ಎದ್ದ ಮೇಲೆ ಹಾಸಿಗೆಗೆ ಸೋಂಕುನಿವಾರಕ ಪುಡಿ ಧೂಳಿಸು. ದಿನವೂ ಸೊಪ್ಪು ಹಾಕುವ ಮೊದಲು ಅನುಮಾನದ ಹುಳು ಆರಿಸಿ ಬ್ಲೀಚಿಂಗ್ ನೀರಿನ ಡಬ್ಬಿಗೆ ಹಾಕು. ಬಾಗಿಲಲ್ಲಿ ದೃಷ್ಟಿಗೆ ಬೂದುಗುಂಬಳ ಕಟ್ಟುತ್ತೀರಿ, ಬೇಡ ಎನ್ನುವುದಿಲ್ಲ. ಅದರ ಕೆಳಗೆ ಬ್ಲೀಚಿಂಗ್ ನೀರಿನಲ್ಲಿ ಅದ್ದಿದ ಗೋಣಿಚೀಲವನ್ನೂ ಹಾಸು.

ಇಷ್ಟೂ ಒಂದೇ ಮನೆಯಲ್ಲಿ ಮಾಡಿದರೆ ದಂಡ. ನಿನ್ನ ಆಸುಪಾಸಿನಲ್ಲಿ ಎಷ್ಟು ಹುಳುಮನೆ ಇವೆಯೋ ಎಲ್ಲರೂ ಒಂದೇ ದಿನ ತೊಳೆಯಬೇಕು, ಒಂದೇ ಅವಧಿಗೆ ಖಾಲಿ ಬಿಡಬೇಕು, ಒಟ್ಟಿಗೇ ಹುಳು ತರಬೇಕು. ಅದಕ್ಕೇ ನಾಲ್ಕನೆಯ ಪ್ರಶ್ನೆ ಕೇಳಿದ್ದು.

ಹುಳುಮನೆ_ಹುಡುಗ | ಆಗಸ್ಟ್ 12

ನಾಲ್ಕು ಮನೆ ಸೇರಿದ್ದೇವೆ. ಚಿಕ್ಕಮ್ಮ ಇನ್ನಿಬ್ಬರ ಹತ್ತಿರ ಹೋಗಿ ನನಗಿಂತ ಮೊದಲು ತಮ್ಮ ಕಥೆಯನ್ನೇ ಹೇಳಿದರು. ಒಬ್ಬರು ಆಗ, 'ನಮ್ಮಲ್ಲೂ ಸ್ವಲ್ಪ ಇತ್ತು' ಎಂದರು. ಇನ್ನೊಬ್ಬರು ಇವತ್ತಿನವರೆಗೂ ಇರಲಿಲ್ಲ ಎಂದೇ ಹೇಳುತ್ತಾರೆ, ಆದರೆ ಎಲ್ಲರಿಗಿಂತ ಹೆಚ್ಚು ಸುಣ್ಣ ಕೊಂಡದ್ದು ಅವರೇ.

ಸರ್, ಒಂದು ಮಾತು ಮಾತ್ರ ನಿಮ್ಮದನ್ನು ಮೀರಿದ್ದೇವೆ. ಒಂದೇ ದಿನ ತೊಳೆದು, ಎಲ್ಲರೂ ಹತ್ತು ದಿನ ಖಾಲಿ ಬಿಡುತ್ತೇವೆ. ಆದರೆ ಹುಳು ಒಟ್ಟಿಗೆ ತರುವುದಿಲ್ಲ. ನಾಲ್ಕೂ ಮನೆಯ ಹುಳು ಒಂದೇ ದಿನ ಹಣ್ಣಾದರೆ ಆರಿಸುವ ಕೈ ಎಲ್ಲಿಂದ ತರುವುದು? ಎರಡು ಮನೆ ಮೊದಲು, ಎರಡು ಮನೆ ಒಂದು ವಾರದ ಮೇಲೆ. ಮುಯ್ಯಾಳು ಲೆಕ್ಕ.

ನಿವೃತ್ತ_ಪ್ರದರ್ಶಕ | ಆಗಸ್ಟ್ 12

ಪುಸ್ತಕದ ಪ್ರಕಾರ ತಪ್ಪು. ನಲವತ್ತು ವರ್ಷದಲ್ಲಿ ಈ ಒಂದು ವಿಷಯದಲ್ಲಿ ನಾನು ಯಾವ ಊರಿನಲ್ಲೂ ಗೆದ್ದಿಲ್ಲ. ಆಗಲಿ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವಾಗ ಕೈಕಾಲು ತೊಳೆದುಕೊಂಡು ಹೋಗಿ, ಬಟ್ಟೆ ಬದಲಿಸಿ.

ಹುಳುಮನೆ_ಹುಡುಗ | ಸೆಪ್ಟೆಂಬರ್ 13, ರಾತ್ರಿ 9:30

ತಡವಾಯಿತು, ಕ್ಷಮಿಸಿ. ನಾಲ್ಕನೇ ಜ್ವರ ಎದ್ದ ಮೇಲೆ ಬರುವ ಐದನೇ ಹಂತದ ಆ ಏಳು ದಿನ ಬರೆಯಲು ಬಿಡುವುದಿಲ್ಲ ಎಂಬುದು ಗೊತ್ತಿರುವವರಿಗೆ ಗೊತ್ತು. ಹುಳು ಒಟ್ಟು ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಆ ಏಳು ದಿನದಲ್ಲೇ ಹೋಗುತ್ತದೆ.

ಐದನೆಯ ದಿನ ನನ್ನ ತೋಟದ ಸೊಪ್ಪು ಸಾಲದಾಯಿತು. ಮಳೆ ಕೈಕೊಟ್ಟು ಒಂದು ಮೂಲೆ ಚಿಗುರಿರಲಿಲ್ಲ. ಹುಳು ಹಸಿದರೆ ಎಲ್ಲ ಶ್ರಮವೂ ಹೊಳೆಗೆ. ಕೊಳ್ಳೋಣ ಎಂದರೆ ಮಾರುವವರಿಲ್ಲ. ಚಿಕ್ಕಮ್ಮ ತಮ್ಮ ಎಳೆಹುಳುವಿಗೆ ಎಂದು ಕಾದಿಟ್ಟಿದ್ದ ಸಾಲಿನ ಪಕ್ಕದ ಎರಡು ಸಾಲು ಬಲಿತ ಸೊಪ್ಪನ್ನು ತೋರಿಸಿ, 'ಕುಯ್ದುಕೊ, ನನ್ನ ಹುಳುವಿಗೆ ಇನ್ನೂ ಹಲ್ಲು ಬಂದಿಲ್ಲ' ಎಂದರು.

ಆರನೇ ತಾರೀಖು ಹಣ್ಣಾದವು. ಬೆಳಗಿನ ಜಾವ ಬಾಗಿಲು ತೆಗೆದರೆ ಸೊಪ್ಪಿನ ಮೇಲೆ ಅಲ್ಲಲ್ಲಿ ಹುಳು ತಲೆಯೆತ್ತಿ ಕೂತಿದೆ. ಮೈ ಹಳದಿಗೆ ತಿರುಗಿ, ದೀಪ ಹಿಡಿದರೆ ಬೆಳಕು ಒಳಗೆ ಹಾಯುವಂತಿದೆ. ಮೇಯುವ ಸದ್ದು ಕಡಿಮೆಯಾಗಿತ್ತು. ಆ ಸದ್ದು ತಗ್ಗಿದಾಗ ಹೋದ ಸಲದ ನೆನಪಾಗಿ ಹೊಟ್ಟೆ ತಣ್ಣಗಾಯಿತು. ಒಂದನ್ನು ಎತ್ತಿ ಬೆರಳ ನಡುವೆ ಹಿಡಿದೆ. ಒಡೆಯಲಿಲ್ಲ. ಬಾಯಿಂದ ಎಳೆ ಬಿಟ್ಟು ನನ್ನ ಉಗುರಿಗೇ ಅಂಟಿಸಿತು.

ಏಳು ಗಂಟೆಗೆ ಚಿಕ್ಕಮ್ಮ ಬಂದರು. ಹಿಂದೆ ಆ ಎರಡು ಮನೆಯವರು, ಒಬ್ಬರ ಸೊಸೆ, ಶಾಲೆಗೆ ಹೋಗಬೇಕಿದ್ದ ಇಬ್ಬರು ಹುಡುಗರು. ಬಾಗಿಲಲ್ಲಿ ಎಲ್ಲರೂ ಗೋಣಿಚೀಲ ತುಳಿದು ಒಳಗೆ ಬಂದರು. ಸರ್, ನಿಮ್ಮ ಹೆಸರು ಹೇಳಿಯೇ ತುಳಿಸಿದೆ. ಅಪ್ಪ ಕುರ್ಚಿ ಹಾಕಿಸಿಕೊಂಡು ಕೂತು ಚಂದ್ರಿಕೆಗೆ ಹುಳು ಬಿಟ್ಟರು. ಮಂಡಿ ಬಗ್ಗುವುದಿಲ್ಲ, ಕೈಗೆ ಮಾತ್ರ ನಲವತ್ತು ವರ್ಷದ ಲೆಕ್ಕ ಇದೆ. ಒಂದು ಚಂದ್ರಿಕೆಗೆ ಎಷ್ಟು ಹುಳು ಎಂದು ಎಣಿಸುವುದೇ ಇಲ್ಲ, ಸರಿಯಾಗಿ ಬೀಳುತ್ತದೆ. ನಾನು ದಟ್ಟವಾಗಿ ಬಿಟ್ಟ ಒಂದನ್ನು ನೋಡಿ, 'ಬಸ್ಸಿಗೆ ಜನ ತುಂಬಿದ ಹಾಗೆ ತುಂಬಬೇಡ, ಎರಡು ಹುಳು ಸೇರಿ ಜೋಡಿಗೂಡು ಕಟ್ಟುತ್ತವೆ' ಎಂದರು. ಎರಡು ತಿಂಗಳಲ್ಲಿ ಅಪ್ಪ ನನಗೆ ಹೇಳಿದ ಅತ್ಯಂತ ಉದ್ದದ ಮಾತು ಅದು.

ಮಧ್ಯಾಹ್ನ ಮೂರಕ್ಕೆ ಮುಗಿಯಿತು. ಅಮ್ಮ ಮುದ್ದೆ, ಅವರೆಕಾಳು ಸಾರು ಮಾಡಿದ್ದರು. ಹುಡುಗರಿಬ್ಬರೂ ಕೈಗೆ ಅಂಟಿದ ರೇಷ್ಮೆ ತಿಕ್ಕುತ್ತಲೇ ಉಂಡರು.

ನಿನ್ನೆ ರಾಮನಗರಕ್ಕೆ ಒಯ್ದೆ. 94 ಕೆ.ಜಿ. ನನ್ನ ಮೊದಲ ನಾಲ್ಕು ಬೆಳೆಗೆ ಹೋಲಿಸಿದರೆ ಕಡಿಮೆಯೇ. ಕಾಯಿಲೆಯ ಹುಳು ಪೂರ್ತಿ ಇಲ್ಲವಾಗಿಲ್ಲ, ದಿನಕ್ಕೆ ಏಳೆಂಟು ಸಿಗುತ್ತಲೇ ಇದ್ದವು, ಆರಿಸುತ್ತಲೇ ಇದ್ದೆ. ಬ್ಯಾಂಕಿನ ಕಂತು ಎರಡು ಬಾಕಿ ಇತ್ತು, ಒಂದನ್ನು ಕಟ್ಟಿದೆ. ಹಳೆಯ ಕಚೇರಿಯವರಿಗೆ ಇನ್ನೂ ಬರುವುದಿಲ್ಲ ಎಂದು ಹೇಳಿಲ್ಲ. ಸುಳ್ಳು ಏಕೆ ಹೇಳಲಿ, ಮುಂದಿನ ಬೆಳೆ ನೋಡಿಕೊಂಡು ಹೇಳೋಣ ಎಂದಿದ್ದೇನೆ.

ಮಾರುಕಟ್ಟೆಯಲ್ಲಿ ಒಬ್ಬರು ಗೂಡು ಎತ್ತಿ ಕಿವಿಗೆ ಹಿಡಿದರು. ನಾನೇ ಕೇಳಿದೆ, 'ಸದ್ದು ಬರುತ್ತಿದೆಯಾ ಸಾಹೇಬರೇ?' ಎಂದು. ಅವರು ನಕ್ಕು ಗೂಡನ್ನು ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

ಶಿಡ್ಲಘಟ್ಟದ_ನೂಲು | ಸೆಪ್ಟೆಂಬರ್ 13

ಜೋಡಿಗೂಡು ಎಷ್ಟಿತ್ತು?

ಹುಳುಮನೆ_ಹುಡುಗ | ಸೆಪ್ಟೆಂಬರ್ 13

ಎಲ್ಲ ಸೇರಿ ಎರಡು ಕೆ.ಜಿ.ಯಷ್ಟು. ಅಪ್ಪ ನೋಡುವ ಮೊದಲು ನಾನು ಬಿಟ್ಟ ಚಂದ್ರಿಕೆಗಳವು.

ಕತಾರ್_ಕನಕಪುರ | ಸೆಪ್ಟೆಂಬರ್ 13

ತಮ್ಮಾ, 94 ಎಂದು ಗೋಡೆಯ ಮೇಲೆ ಬರೆದೆಯಾ?

ಹುಳುಮನೆ_ಹುಡುಗ | ಸೆಪ್ಟೆಂಬರ್ 13

ಬರೆದೆ ಅಣ್ಣ. ಮೇಲಿನ ಮೂರನ್ನೂ ಬರೆದೆ. ಸುಣ್ಣ ಬಳಿದ ಗೋಡೆ, ಇದ್ದಿಲು ಚೆನ್ನಾಗಿ ಹಿಡಿಯುತ್ತದೆ.

ನಿವೃತ್ತ_ಪ್ರದರ್ಶಕ | ಸೆಪ್ಟೆಂಬರ್ 13

ಗೂಡು ಬಿಡಿಸಿದ ಮೇಲೆ ಮನೆ ತೊಳೆದೆಯಾ, ಅಥವಾ ಮಾರುಕಟ್ಟೆಯ ಸಂಭ್ರಮದಲ್ಲಿ ಮರೆತೆಯಾ?

ಹುಳುಮನೆ_ಹುಡುಗ | ಸೆಪ್ಟೆಂಬರ್ 13, ರಾತ್ರಿ 10:20

ಇವತ್ತು ಬೆಳಿಗ್ಗೆಯೇ ಆಯಿತು ಸರ್. ಹೊಸ ಪುಡಿ, ಮೂಗಿಗೆ ಹೊಡೆಯಿತು. ಇನ್ನು ಮಲಗುತ್ತೇನೆ. ನಾಳೆ ಚಿಕ್ಕಮ್ಮನ ಹುಳು ಹಣ್ಣಾಗುತ್ತವೆ, ಜಾವಕ್ಕೇ ಹೋಗಬೇಕು. ಒಗೆದ ಅಂಗಿ ತೆಗೆದಿಟ್ಟಿದ್ದೇನೆ.